ಸೊಲ್ಲಾಪುರದ ಸಾಹಸಿ ಶೇಠ್ ವಾಲಚಂದ ಹಿರಾಚಂದ

ಸೊಲ್ಲಾಪುರವೆಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೊದಲು ಮೂಡುವುದು ಸೊನ್ನಲಿಗೆಯ ಸಿದ್ಧರಾಮನ ಮೂರ್ತಿ. ಹನ್ನೆರಡನೆಯ ಶತಮಾನದಲ್ಲಿ ಆ ಶಿವಯೋಗಿಯು ಈ ಬಯಲುಸೀಮೆಯಲ್ಲಿ ಕೆರೆಯನ್ನು ತೋಡಿಸಿ, ಗುಡಿಯನ್ನು ಕಟ್ಟಿಸಿ, ಜನೋಪಯೋಗಿಯಾದ ಕೆಲಸವೂ ಒಂದು ಪೂಜೆಯೇ ಎಂಬುದನ್ನು ನಡೆದು ತೋರಿಸಿದನು. ಅದೇ ಊರಿನಲ್ಲಿ, ಏಳು ಶತಮಾನಗಳು ಕಳೆದ ಮೇಲೆ, ಬೇರೊಂದು ಬಗೆಯ ಕಟ್ಟುಗಾರರೊಬ್ಬರು ಜನಿಸಿದರು. ಅವರು ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿ ವ್ಯಾಪಾರದಲ್ಲಿಯೇ ಬೆಳೆದವರು, ಲಾಭವನ್ನು ಅರಸಿದವರು. ಆದರೂ ಅವರು ಕೈಯಿಕ್ಕಿದ ಕೆಲಸಗಳನ್ನು ಎಣಿಸಿ ನೋಡಿದರೆ ಬೆರಗಾಗುವುದು: ನೆಲದ ಮೇಲೆ ರೈಲುದಾರಿ, ಸುರಂಗ, ಮೋಟಾರುಗಾಡಿ, ನೀರಿನ ಮೇಲೆ ಹಡಗು, ಆಕಾಶದಲ್ಲಿ ವಿಮಾನ. ಆ ಮಹನೀಯರೇ ಶೇಠ್ ವಾಲಚಂದ ಹಿರಾಚಂದ ದೋಶಿಯವರು.

ಸೊಲ್ಲಾಪುರದಲ್ಲಿ ವಾಲಚಂದರ ಹೆಸರನ್ನು ಕೇಳದವರಿಲ್ಲ. ಕಲೆ ಮತ್ತು ವಿಜ್ಞಾನದ ಮಹಾವಿದ್ಯಾಲಯದ ಮೇಲೆ ಆ ಹೆಸರಿದೆ. ತಾಂತ್ರಿಕ ವಿದ್ಯಾಲಯದ ಮೇಲೆಯೂ ಇದೆ. ನಮ್ಮ ಮನೆಗಳ ಹುಡುಗರು ಹುಡುಗಿಯರು ಅಲ್ಲಿ ಕಲಿತು ಬಂದಿದ್ದಾರೆ. ಆದರೆ ಬೆಂಗಳೂರಿಗೆ ಬಂಧುಗಳ ಮನೆಗೆ ಹೋದ ಅದೇ ಮಕ್ಕಳು ವಿಮಾನಪುರದ ಕಡೆ ಯುದ್ಧವಿಮಾನದ ಗರ್ಜನೆಯನ್ನು ಕೇಳಿ ತಲೆಯೆತ್ತಿ ನೋಡುವಾಗ, ಆ ಕಾರ್ಖಾನೆಯ ಬೀಜವನ್ನು ಬಿತ್ತಿದವರು ತಮ್ಮ ಊರಿನವರೇ ಎಂಬುದನ್ನು ಬಲ್ಲರೆ? ಬಲ್ಲವರು ಕಡಿಮೆ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನದ ಕಥೆಯನ್ನು, ಅದರಲ್ಲಿಯೂ ವಿಮಾನ ಕಾರ್ಖಾನೆಯ ಕಥೆಯನ್ನು, ಓದುಗರ ಮುಂದಿಡಲು ಯತ್ನಿಸಿದ್ದೇನೆ.

ಮನೆತನ

ವಾಲಚಂದರು ಹುಟ್ಟಿದ್ದು ೧೮೮೨ನೆಯ ಇಸವಿ ನವೆಂಬರ್ ೨೩ರಂದು. ಅವರದು ಗುಜರಾತಿನ ಕಡೆಯಿಂದ ಬಂದು ಸೊಲ್ಲಾಪುರದಲ್ಲಿ ನೆಲೆನಿಂತ ದಿಗಂಬರ ಜೈನ ಮನೆತನ. ಹತ್ತಿಯ ವ್ಯಾಪಾರ ಮತ್ತು ಲೇವಾದೇವಿ ಮನೆಯ ಕಸುಬು. ತಂದೆ ಹಿರಾಚಂದ ನೇಮಚಂದರು ಕೇವಲ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಾಗಿರಲಿಲ್ಲ. ಅವರು ೧೮೮೪ರಲ್ಲಿ ಜೈನ ಬೋಧಕವೆಂಬ ಪತ್ರಿಕೆಯನ್ನು ಸೊಲ್ಲಾಪುರದಿಂದ ಹೊರಡಿಸಿದರು. ಅವರ ಹೆಸರಿನ ವಾಚನಾಲಯವು ಊರಿನಲ್ಲಿ ಪ್ರಸಿದ್ಧವಾಗಿದೆ. ಹಣದೊಡನೆ ಅಕ್ಷರವನ್ನೂ ಗೌರವಿಸಿದ ಮನೆ ಅದು. ಮನೆಯೊಳಗೆ ಒಂದು ಭಾಷೆ, ಅಂಗಡಿಯ ಬಾಗಿಲಲ್ಲಿ ಇನ್ನೊಂದು, ಸಂತೆಯಲ್ಲಿ ಮತ್ತೊಂದು ಎಂಬುದು ಸೊಲ್ಲಾಪುರದಂಥ ಊರಿನಲ್ಲಿ ಬೆಳೆದವರಿಗೆ ಹೊಸ ಮಾತಲ್ಲ. ಪರಭಾಷೆಯ ಜನರೊಡನೆ ಹೊಂದಿ ಬಾಳುವ ಗುಣವನ್ನು ಗಡಿಯ ಊರು ತನ್ನ ಮಕ್ಕಳಿಗೆ ತಾನಾಗಿಯೇ ಕಲಿಸುತ್ತದೆ. ಮುಂದೆ ವಾಲಚಂದರು ಮುಂಬಯಿ, ಮೈಸೂರು, ಆಂಧ್ರದ ಕಡಲತೀರ ಎಲ್ಲಿಗೆ ಹೋದರೂ ಪರಕೀಯರಂತೆ ಅಳುಕದೆ ಕೆಲಸ ಮಾಡಿದುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಾಗಿರಬೇಕು.

ಊರಿನ ಶಾಲೆಯಲ್ಲಿ ಓದಿ, ಮೇಲಿನ ವ್ಯಾಸಂಗಕ್ಕೆ ಮುಂಬಯಿಗೂ ಪುಣೆಗೂ ಹೋದರು. ಆದರೆ ಪದವಿಯನ್ನು ಪೂರೈಸಲಿಲ್ಲ. ಮನೆಯ ವ್ಯವಹಾರಕ್ಕೆ ಹಿಂತಿರುಗಬೇಕಾಯಿತು. ಬಡ್ಡಿಯ ಲೆಕ್ಕ, ಹತ್ತಿಯ ದಲ್ಲಾಳಿ ಇವುಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಕಣ್ಣಿಗೆ ಕಾಣುವಂಥದನ್ನು, ಕೈಯಿಂದ ಮುಟ್ಟಬಹುದಾದುದನ್ನು ಕಟ್ಟಬೇಕೆಂಬ ಹಂಬಲ ಅವರಲ್ಲಿ ಬೇರೂರಿತ್ತು.

ಕಬ್ಬಿಣದ ದಾರಿಯ ಮೇಲೆ

ಆ ಹಂಬಲಕ್ಕೆ ದಾರಿ ತೋರಿಸಿದವರು ಲಕ್ಷ್ಮಣರಾವ್ ಫಾಟಕ್ ಎಂಬ ಹಿಂದಿನ ರೈಲ್ವೆ ಗುಮಾಸ್ತರು. ಫಾಟಕರಿಗೆ ಕೆಲಸದ ಅನುಭವವಿತ್ತು, ಬಂಡವಾಳವಿರಲಿಲ್ಲ. ವಾಲಚಂದರಿಗೆ ಬಂಡವಾಳವನ್ನು ಕೂಡಿಸುವ ಶಕ್ತಿಯಿತ್ತು, ಅನುಭವವಿರಲಿಲ್ಲ. ಇಬ್ಬರೂ ಪಾಲುಗಾರರಾಗಿ ಬಾರ್ಶಿಯ ಸಣ್ಣ ರೈಲುದಾರಿಯನ್ನು ತಡವಳೆಯ ಕಡೆಗೆ ಬೆಳೆಸುವ ಕಂಟ್ರಾಕ್ಟನ್ನು ಹಿಡಿದರು. ನಮ್ಮ ಹಿರಿಯರು ಪಂಢರಪುರದ ಯಾತ್ರೆಗೆ ಹತ್ತಿ ಹೋಗುತ್ತಿದ್ದ ಆ ಪುಟ್ಟ ಗಾಡಿಯ ಬಾರ್ಶಿ ಲೈಟ್ ರೈಲ್ವೆಯೇ ಅದು. ಹೀಗೆ ಸೊಲ್ಲಾಪುರ ಸೀಮೆಯ ಕರಿಮಣ್ಣಿನಲ್ಲಿ ಮಣ್ಣು ಹಾಕಿಸಿ, ಜಲ್ಲಿ ಹಾಸಿಸಿ, ಹಳಿ ಹೂಡಿಸಿದ್ದು ಅವರ ಮೊದಲ ಪಾಠವಾಯಿತು.

ಮುಂದಿನ ಬೆಳವಣಿಗೆ ವೇಗವಾಗಿ ನಡೆಯಿತು. ಟಾಟಾ ಮನೆತನದವರೊಡನೆ ಕೂಡಿ ನಡೆಸಿದ ನಿರ್ಮಾಣ ಕಂಪನಿಯು ಮುಂಬಯಿ-ಪುಣೆ ದಾರಿಯ ಭೋರಘಾಟದಲ್ಲಿ ಸುರಂಗಗಳನ್ನು ಕೊರೆಯಿತು. ತಾನಸಾ ಕೆರೆಯ ನೀರನ್ನು ಮುಂಬಯಿಗೆ ತರುವ ದೊಡ್ಡ ಕೊಳವೆಗಳನ್ನು ಹಾಕಿತು. ಇಂದಾಪುರ ತಾಲ್ಲೂಕಿನ ಕಳಂಬದ ಸುತ್ತಲಿನ ಬೀಳುಭೂಮಿಯಲ್ಲಿ ಕಬ್ಬನ್ನು ಬೆಳೆಸಿ ಸಕ್ಕರೆ ಕಾರ್ಖಾನೆಯನ್ನು ನಿಲ್ಲಿಸಿದರು. ಆ ಊರಿಗೆ ವಾಲಚಂದನಗರವೆಂಬ ಹೆಸರೇ ನಿಂತಿತು. ಈ ಊರಿನ ಮಾತು ಲೇಖನದ ಕೊನೆಯಲ್ಲಿ ಮತ್ತೊಮ್ಮೆ ಬರುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ನೀರಿನ ಮೇಲಿನ ಹೋರಾಟ

ಮೊದಲನೆಯ ಮಹಾಯುದ್ಧ ಮುಗಿದಾಗ ಹಿಂದೂಸ್ಥಾನದ ಕಡಲವ್ಯಾಪಾರವೆಲ್ಲ ಬಹುಮಟ್ಟಿಗೆ ಬ್ರಿಟಿಷ್ ಹಡಗು ಕಂಪನಿಗಳ ಮುಷ್ಟಿಯಲ್ಲಿತ್ತು. ನಮ್ಮ ಹತ್ತಿ, ನಮ್ಮ ಅಕ್ಕಿ, ನಮ್ಮ ಯಾತ್ರಿಕರು. ಬಾಡಿಗೆ ಮಾತ್ರ ಅವರದು. ದೇಶೀಯರು ಹಡಗು ಹೂಡಿದಾಗಲೆಲ್ಲ ಬಾಡಿಗೆಯ ದರವನ್ನು ನೆಲಕ್ಕಿಳಿಸಿ ಅವರನ್ನು ಮುಳುಗಿಸುವುದು ಆ ಕಂಪನಿಗಳ ರೂಢಿಯಾಗಿತ್ತು. ಇದನ್ನು ಬಲ್ಲೆವೆಂದುಕೊಂಡೇ ವಾಲಚಂದರು ೧೯೧೯ರಲ್ಲಿ ಗ್ವಾಲಿಯರಿನ ಸಿಂಧಿಯಾ ಮಹಾರಾಜರ ಲಾಯಲ್ಟಿ ಎಂಬ ಹಡಗನ್ನು ಕೊಂಡರು. ನರೋತ್ತಮ ಮೊರಾರಜಿ ಮೊದಲಾದ ಮಿತ್ರರೊಡನೆ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯು ಸ್ಥಾಪಿತವಾಯಿತು. ಅದೇ ವರ್ಷದ ಏಪ್ರಿಲ್ ೫ರಂದು ಲಾಯಲ್ಟಿಯು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ವಾಲಚಂದರೂ ಅದರಲ್ಲಿ ಪಯಣಿಸಿದರು. ಈಗ ಪ್ರತಿವರ್ಷ ಏಪ್ರಿಲ್ ೫ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುವುದು ಈ ಯಾನದ ನೆನಪಿಗಾಗಿಯೇ.

ಯಾನ ಕೀರ್ತಿಯನ್ನು ತಂದಿತು, ಹಣವನ್ನು ತರಲಿಲ್ಲ. ಮುದಿಯಾದ ಆ ಹಡಗು ಕೆಲವೇ ವರ್ಷಗಳಲ್ಲಿ ಗುಜರಿಗೆ ಹೋಯಿತು. ೧೯೨೩ರಲ್ಲಿ ಕಂಪನಿಯು ಬ್ರಿಟಿಷ್ ಕಂಪನಿಗಳೊಡನೆ ಹತ್ತು ವರ್ಷಗಳ ಕರಾರಿಗೆ ಒಪ್ಪಬೇಕಾಯಿತು. ಹಡಗುಗಳ ಒಟ್ಟು ಪ್ರಮಾಣ ೭೫,೦೦೦ ಟನ್ನುಗಳನ್ನು ಮೀರಬಾರದು, ಕರಾವಳಿಯನ್ನೂ ಬರ್ಮಾ-ಸಿಂಹಳಗಳ ದಾರಿಯನ್ನೂ ಬಿಟ್ಟು ಹೋಗಬಾರದು ಎಂಬಂಥ ಬಿಗಿಯಾದ ಕರಾರು ಅದು. ತಲೆಬಾಗಿದರು, ಆದರೆ ಮುಳುಗಲಿಲ್ಲ. ೧೯೨೯ರಿಂದ ೧೯೫೦ರವರೆಗೆ ವಾಲಚಂದರೇ ಆ ಕಂಪನಿಯ ಅಧ್ಯಕ್ಷರಾಗಿದ್ದರು. ಬದುಕಿ ಉಳಿಯುವುದಕ್ಕಾಗಿ ಒಂದು ಹೆಜ್ಜೆ ಹಿಂದೆಗೆದು, ಸಮಯ ಬಂದಾಗ ಎರಡು ಹೆಜ್ಜೆ ಮುಂದೆ ಹೋಗುವ ಪಟ್ಟನ್ನು ಅವರು ಇಲ್ಲಿ ಕಲಿತರು.

ಹಡಗು ಕೊಳ್ಳುವುದರಲ್ಲಿ ಅವರಿಗೆ ಇನ್ನೊಂದು ಪಾಠವೂ ದೊರೆಯಿತು. ಪರರಿಂದ ಯಂತ್ರವನ್ನು ಕೊಂಡವನು ಪರರ ಅಧೀನನಾಗಿಯೇ ಉಳಿಯುವನು. ಯಂತ್ರವನ್ನು ಕಟ್ಟುವ ವಿದ್ಯೆ ಕೈವಶವಾಗುವ ತನಕ ಸ್ವಾತಂತ್ರ್ಯವು ಅರ್ಧವೇ ಸರಿ. ಹಡಗುಕಟ್ಟೆ, ಮೋಟಾರು ಕಾರ್ಖಾನೆ, ವಿಮಾನ ಕಾರ್ಖಾನೆ ಈ ಮೂರರ ಹಿಂದೆಯೂ ಇದೊಂದೇ ವಿಚಾರವನ್ನು ಕಾಣುತ್ತೇವೆ.

ವಿಮಾನದಲ್ಲಿ ಕುಳಿತಾಗ ಬಂದ ವಿಮಾನದ ಯೋಚನೆ

ಮೋಟಾರು ಕಾರ್ಖಾನೆಯ ಯೋಚನೆಯಲ್ಲಿ ವಾಲಚಂದರಿಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಸಹವಾಸ ದೊರೆಯಿತು. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿ ಮೋಟಾರುಗಾಡಿಗಳನ್ನು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಮೈಸೂರು ಸಂಸ್ಥಾನವು ನೆರವಾಗಲು ಮುಂದೆ ಬಂದಿತ್ತು. ಹಿಂದೂಸ್ಥಾನ ಸರಕಾರ ಮಾತ್ರ ಒಲವು ತೋರಲಿಲ್ಲ. ಆದರೂ ಕೈಬಿಡದೆ ವಾಲಚಂದರು ೧೯೩೯ರಲ್ಲಿ ಇದೇ ವಿಷಯವಾಗಿ ಅಮೆರಿಕಕ್ಕೆ ಹೋದರು.

ಅಲ್ಲಿಂದ ಹಿಂತಿರುಗುವಾಗ, ಆ ವರ್ಷದ ಅಕ್ಟೋಬರಿನಲ್ಲಿ, ಪ್ರಶಾಂತ ಸಾಗರದ ಮೇಲೆ ಹಾಂಗ್‌ಕಾಂಗಿನ ಕಡೆಗೆ ಹಾರುವ ಕ್ಲಿಪ್ಪರ್ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕದ ಉದ್ಯಮಿಯ ಪರಿಚಯವಾಯಿತು. ಪಾಲಿಯವರು ಅಮೆರಿಕದ ವಿಮಾನಗಳನ್ನು ಪೂರ್ವದೇಶಗಳಿಗೆ ಮಾರುವವರು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾ ದೇಶಕ್ಕಾಗಿ ಬರ್ಮಾ ಗಡಿಯ ಬಳಿ ಲೋಯಿವಿಂಗ್ ಎಂಬಲ್ಲಿ ವಿಮಾನ ಕಾರ್ಖಾನೆಯನ್ನು ನಡೆಸುತ್ತಿದ್ದವರು. ಯುದ್ಧದ ಬೆಂಕಿಯಲ್ಲಿರುವ ಬಡ ಚೀನಾದ ಕಾಡಿನಲ್ಲಿ ವಿಮಾನ ಕಟ್ಟಬಹುದಾದರೆ ಭಾರತದಲ್ಲಿ ಏಕೆ ಕಟ್ಟಬಾರದು? ಈ ಪ್ರಶ್ನೆ ಹುಟ್ಟಿದ ಮೇಲೆ ವಾಲಚಂದರು ಸುಮ್ಮನಿರಲಿಲ್ಲ. ಅಂದಿನಿಂದಲೇ ಪತ್ರವ್ಯವಹಾರ, ಸರಕಾರದ ಬಾಗಿಲು ತಟ್ಟುವುದು ಆರಂಭವಾಯಿತು.

ಆಗಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಭಾರತೀಯ ವಾಯುಪಡೆಯು ೧೯೩೨ರಲ್ಲಿ ರಚಿತವಾಗಿ ಮರುವರ್ಷ ಕೆಲಸಕ್ಕಿಳಿದಾಗ ಅದರ ಬಳಿ ಇದ್ದದ್ದು ನಾಲ್ಕು ವಾಪಿಟಿ ವಿಮಾನಗಳು. ಅವೂ ಇಂಗ್ಲೆಂಡಿನಲ್ಲಿ ಆದವು. ಇಷ್ಟು ದೊಡ್ಡ ದೇಶದಲ್ಲಿ ವಿಮಾನವನ್ನು ಕಟ್ಟುವ ಒಂದು ಕಾರ್ಖಾನೆಯೂ ಇರಲಿಲ್ಲ. ಇರಬೇಕೆಂದು ಆಳುವವರಿಗೆ ಅನಿಸಿಯೂ ಇರಲಿಲ್ಲ. ವಾಲಚಂದರ ಮೊದಲ ಮನವಿಗೆ ಅನುಕೂಲವಾದ ಉತ್ತರ ಬರಲಿಲ್ಲ. ಆದರೆ ೧೯೪೦ರ ಜೂನಿನಲ್ಲಿ ಫ್ರಾನ್ಸ್ ದೇಶವು ಜರ್ಮನಿಗೆ ಶರಣಾಯಿತು. ಬ್ರಿಟನ್ನಿನ ಕಾರ್ಖಾನೆಗಳಿಗೆ ತಮ್ಮ ದ್ವೀಪವನ್ನು ಕಾಯುವುದೇ ಸಾಕಾಯಿತು. ಭಾರತಕ್ಕೆ ವಿಮಾನ ಬರುವ ದಾರಿ ಮುಚ್ಚಿತು. ನಿನ್ನೆ ಬೇಡವೆಂದ ಯೋಜನೆಯು ಇಂದು ಬೇಕೆನಿಸಿತು.

ಮೈಸೂರಿನ ಆಸರೆ

ಸರಕಾರವು ಒಪ್ಪಿದರೆ ಸಾಲದು. ಸ್ಥಳ ಬೇಕು, ವಿದ್ಯುತ್ತು ಬೇಕು, ಹಣ ಬೇಕು. ಇಲ್ಲಿ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರ ದೂರದೃಷ್ಟಿಯನ್ನು ನೆನೆಯಲೇಬೇಕು. ಬೆಂಗಳೂರಿನ ಪೂರ್ವಕ್ಕೆ ೭೦೦ ಎಕರೆ ಭೂಮಿಯನ್ನೂ ನೀರು ವಿದ್ಯುತ್ತುಗಳ ಅನುಕೂಲವನ್ನೂ ಒದಗಿಸಿ ಕೊಡಲು ಅವರು ಮುಂದಾದರು; ಸಂಸ್ಥಾನದ ಬೊಕ್ಕಸದಿಂದ ೨೫ ಲಕ್ಷ ರೂಪಾಯಿಗಳನ್ನು ಪಾಲು ಬಂಡವಾಳವಾಗಿ ತೊಡಗಿಸಲು ಒಪ್ಪಿದರು. ಕಡಲ ದಂಡೆಯಿಂದ ದೂರವಾದ ಎತ್ತರದ ಊರು, ಹಿತವಾದ ಹವೆ, ಶಿವನಸಮುದ್ರದ ವಿದ್ಯುತ್ತು, ಟಾಟಾರವರ ದಾನದಿಂದ ಬೆಳೆದ ವಿಜ್ಞಾನ ಮಂದಿರ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವೆಲ್ಲವೂ ಬೆಂಗಳೂರಿಗೆ ಅನುಕೂಲವಾಗಿದ್ದವು. ಆದರೆ ಇವೆಲ್ಲ ಹಿಂದಿನ ಎರಡು ಮೂರು ತಲೆಮಾರುಗಳ ಅರಸರೂ ದಿವಾನರೂ ದುಡಿದು ಕೂಡಿಟ್ಟ ಪುಣ್ಯ. ಕಾರ್ಖಾನೆ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಅದಕ್ಕೆ ತಕ್ಕ ನೆಲವನ್ನು ಮೊದಲೇ ಹದಮಾಡಿರಬೇಕು.

ಹೀಗೆ ೧೯೪೦ನೆಯ ಇಸವಿ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ಬೆಂಗಳೂರಿನಲ್ಲಿ ನೋಂದಣಿಯಾಯಿತು. ಅಧಿಕೃತ ಬಂಡವಾಳ ೪ ಕೋಟಿ ರೂಪಾಯಿ. ವಾಲಚಂದರೂ ಅವರ ಮಿತ್ರರಾದ ತುಲಸೀದಾಸ ಕಿಲಾಚಂದ, ಧರಮಸೀ ಖಟಾವ್ ಇವರೂ ಕೂಡಿ ತಮ್ಮ ಪಾಲಿನ ೨೫ ಲಕ್ಷವನ್ನು ಹಾಕಿದರು. ೧೯೪೧ರ ಮಾರ್ಚಿನಲ್ಲಿ ಹಿಂದೂಸ್ಥಾನ ಸರಕಾರವೂ ಅಷ್ಟೇ ಹಣವನ್ನು ಹಾಕಿ ಮೂರನೆಯ ಪಾಲುದಾರನಾಯಿತು. ಸೊಲ್ಲಾಪುರದ ವ್ಯಾಪಾರಿ, ಮೈಸೂರಿನ ಸಂಸ್ಥಾನ, ದಿಲ್ಲಿಯ ಸರಕಾರ: ಸಮಪಾಲಿನ ಈ ಮೂವರ ಹೆಗಲ ಮೇಲೆ ಭಾರತದ ವಿಮಾನೋದ್ಯಮವು ನಿಂತಿತು.

ವಿಮಾನ ಕಟ್ಟುವುದೆಂದರೆ

ಯಂತ್ರೋಪಕರಣಗಳನ್ನು ಒದಗಿಸುವ ಹೊಣೆ ಪಾಲಿಯವರದಾಗಿತ್ತು. ಯುದ್ಧಕಾಲದಲ್ಲಿ ಲೇತು, ಒತ್ತುಯಂತ್ರ, ಕೊರೆಯುವ ಯಂತ್ರಗಳನ್ನು ಅಮೆರಿಕದಿಂದ ಹಡಗಿನಲ್ಲಿ ತರುವುದೆಂದರೆ ಅರ್ಧ ಜೂಜು. ಅವು ಬಂದವು, ಅಮೆರಿಕದ ಕುಶಲಿಗಳೂ ಬಂದರು. ಬೆಂಗಳೂರಿನ ಸುತ್ತಮುತ್ತಲಿನ ತರುಣರು ಕೆಲಸ ಕಲಿಯಲು ನಿಂತರು.

ವಿಮಾನದ ಕೆಲಸವು ಎತ್ತಿನ ಗಾಡಿಯ ಕೆಲಸದಂತಲ್ಲ, ರೈಲುಡಬ್ಬಿಯ ಕೆಲಸದಂತೆಯೂ ಅಲ್ಲ. ರೈಲುಡಬ್ಬಿಯಲ್ಲಿ ಒಂದು ತೊಲೆ ಸ್ವಲ್ಪ ದಪ್ಪವಾದರೆ ಕೆಡುಕಿಲ್ಲ. ವಿಮಾನದಲ್ಲಿ ಹೆಚ್ಚಾದ ಒಂದೊಂದು ಸೇರು ತೂಕವೂ ಅದರ ವೇಗವನ್ನು, ಎತ್ತರವನ್ನು, ಹೊರುವ ಶಕ್ತಿಯನ್ನು ಕಸಿದುಕೊಳ್ಳುತ್ತದೆ. ತೂಕವನ್ನು ಇಳಿಸಿದರೆ ಬಲ ಕುಂದುತ್ತದೆ. ಬಲವನ್ನು ಕಾದುಕೊಂಡು ತೂಕವನ್ನು ಇಳಿಸುವುದೇ ಈ ವಿದ್ಯೆಯ ಮರ್ಮ. ಅಲ್ಯೂಮಿನಿಯಮ್ಮಿನ ಮಿಶ್ರಲೋಹದ ತೆಳುವಾದ ತಗಡುಗಳನ್ನು ಅಚ್ಚಿಗೆ ತಕ್ಕಂತೆ ಬಾಗಿಸಿ, ಪಕ್ಕೆಲುಬುಗಳಂಥ ಚೌಕಟ್ಟಿನ ಮೇಲೆ ಹೊದಿಸಿ, ಸಾವಿರಾರು ರಿವೆಟ್ಟುಗಳಿಂದ ಬಿಗಿಯಬೇಕು. ಪ್ರತಿಯೊಂದು ತೂತೂ ತನ್ನ ಜಾಗದಲ್ಲಿಯೇ ಇರಬೇಕು. ಪ್ರತಿಯೊಂದು ರಿವೆಟ್ಟಿನ ತಲೆಯೂ ಸರಿಯಾಗಿ ಕುಳಿತಿರಬೇಕು. ಒಂದು ಸಡಿಲವಾದರೆ ಅದರ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ. ಅಲ್ಲಿಂದ ಬಿರುಕು ಆರಂಭವಾಗುತ್ತದೆ. ಕೆಳಗೆ ನೆಲದ ಮೇಲೆ ಮಾಡಿದ ಚಿಕ್ಕ ಅಲಕ್ಷ್ಯಕ್ಕೆ ಮೇಲೆ ಆಕಾಶದಲ್ಲಿ ಒಬ್ಬ ತರುಣನು ಪ್ರಾಣವನ್ನು ತೆರುತ್ತಾನೆ. ಆದುದರಿಂದ ವಿಮಾನ ಕಾರ್ಖಾನೆಯು ಕೈಗೆ ಕೆಲಸವನ್ನು ಕಲಿಸುವ ಮೊದಲು ಮನಸ್ಸಿಗೆ ಶಿಸ್ತನ್ನು ಕಲಿಸುತ್ತದೆ.

ಈ ಶಿಸ್ತನ್ನು ಬೆಂಗಳೂರಿನ ಹುಡುಗರು ಎಷ್ಟು ಬೇಗ ಕಲಿತರೆಂಬುದಕ್ಕೆ ಸಾಕ್ಷಿ ಬೇಕೆ? ಕಂಪನಿಯು ನೋಂದಣಿಯಾದ ಎಂಟು ತಿಂಗಳಿಗೆ, ೧೯೪೧ರ ಆಗಸ್ಟಿನಲ್ಲಿ, ಹಾರ್ಲೋ ಎಂಬ ಎರಡು ಆಸನಗಳ ತರಬೇತಿ ವಿಮಾನವು ಅಲ್ಲಿಂದ ಮೇಲೆದ್ದಿತು. ಅದರ ನಕ್ಷೆ ಅಮೆರಿಕದ್ದು. ಎಂಜಿನು ಮತ್ತು ಮುಖ್ಯ ಭಾಗಗಳೂ ಅಲ್ಲಿಂದಲೇ ಬಂದವು. ಜೋಡಿಸಿ ಹಾರಿಸಿದ್ದು ಮಾತ್ರ ಇಲ್ಲಿ. ಇದನ್ನು ಸ್ವಂತ ನಿರ್ಮಾಣವೆಂದು ಹೇಳಲಾಗದು; ವಾಲಚಂದರಿಗೂ ಆ ಭ್ರಮೆ ಇದ್ದಿರಲಾರದು. ಮಗು ಮೊದಲು ಬೇರೆಯವರು ಬರೆದ ಅಕ್ಷರದ ಮೇಲೆ ತಿದ್ದುತ್ತದೆ, ಆಮೇಲೆ ತಾನೇ ಬರೆಯುತ್ತದೆ. ಬೆಂಗಳೂರಿನಲ್ಲಿ ಅಂದು ನಡೆದದ್ದು ಅಕ್ಷರಾಭ್ಯಾಸ. ಮುಂದೆ ಸ್ವಂತವಾಗಿ ಬರೆಯಲಿದ್ದ ವಿಷ್ಣು ಮಾಧವ ಘಾಟಗೆಯವರೂ ಆ ಮೊದಲ ವರ್ಷಗಳಲ್ಲಿಯೇ ಕಾರ್ಖಾನೆಯನ್ನು ಸೇರಿ, ಹತ್ತು ಜನರನ್ನು ಹೊರುವ ಎಂಜಿನಿಲ್ಲದ ಗ್ಲೈಡರನ್ನು ರಚಿಸಿದರು. ಅವರು ಜರ್ಮನಿಯ ಗೋಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಶಿಷ್ಯರಾಗಿದ್ದವರು. ಕಾರ್ಖಾನೆಯ ಬೆನ್ನಿಗೇ, ೧೯೪೨ರ ಕೊನೆಯಲ್ಲಿ, ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವೂ ತೆರೆಯಿತು. ಕೈಗೆಲಸ ಮತ್ತು ಶಾಸ್ತ್ರ ಎರಡೂ ಒಂದೇ ಊರಿನಲ್ಲಿ ಜೊತೆಯಾಗಿ ಬೆಳೆಯತೊಡಗಿದವು.

ಏಪ್ರಿಲ್ ತಿಂಗಳ ಒಂದು ವಾರ

ಇತ್ತ ವಿಮಾನ ಕಾರ್ಖಾನೆ ಏಳುತ್ತಿರುವಾಗಲೇ ಅತ್ತ ವಿಶಾಖಪಟ್ಟಣದಲ್ಲಿ ವಾಲಚಂದರ ಹಡಗುಕಟ್ಟೆಗೆ ೧೯೪೧ರ ಜೂನ್ ೨೧ರಂದು ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲನ್ನು ಇರಿಸಿದ್ದರು. ಎರಡು ಕನಸುಗಳೂ ಕೈಗೂಡುವಂತೆ ತೋರಿತು. ಅಷ್ಟರಲ್ಲಿ ಯುದ್ಧವು ಪೂರ್ವದಿಂದ ನಮ್ಮ ಬಾಗಿಲಿಗೆ ಬಂದಿತು. ೧೯೪೨ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದಿತು. ಮಾರ್ಚಿನಲ್ಲಿ ರಂಗೂನು ಬಿದ್ದಿತು. ವಿಮಾನ ಕಾರ್ಖಾನೆಯಂಥ ಜಾಗ ಸಂಪೂರ್ಣವಾಗಿ ತನ್ನ ವಶದಲ್ಲಿರಬೇಕೆಂದು ಸರಕಾರವು ನಿಶ್ಚಯಿಸಿತು. ಏಪ್ರಿಲ್ ೨ರಂದು, ವಾಲಚಂದರ ಮತ್ತು ಅವರ ಮಿತ್ರರ ಪಾಲನ್ನು ಕೊಂಡು ಕಂಪನಿಯನ್ನು ತಾನು ವಹಿಸಿಕೊಂಡಿರುವುದಾಗಿ ಪ್ರಕಟಿಸಿತು. ಮೈಸೂರು ಸಂಸ್ಥಾನವು ತನ್ನ ಪಾಲನ್ನು ಮಾರಲು ಒಪ್ಪದೆ, ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ಸಂಸ್ಥಾನದ ಈ ನಿಲುವನ್ನು ಕನ್ನಡಿಗರು ಮರೆಯಬಾರದು.

ಇದಾದ ನಾಲ್ಕನೆಯ ದಿನ, ಏಪ್ರಿಲ್ ೬ರಂದು, ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬುಗಳನ್ನು ಸುರಿದವು. ಜನರು ಊರು ಬಿಟ್ಟು ಓಡಿದರು. ಹಡಗುಕಟ್ಟೆಯ ಕೆಲಸ ನಿಂತುಹೋಯಿತು. ಆ ಮೊದಲೇ ಮೋಟಾರು ಕಾರ್ಖಾನೆಗೆ ಸರಕಾರದ ಅಡ್ಡಿಯಾಗಿತ್ತು. ಹೀಗೆ ಅರವತ್ತರ ಹೊಸ್ತಿಲಲ್ಲಿ ನಿಂತಿದ್ದ ಆ ಮನುಷ್ಯನ ಕೈಯಿಂದ ಒಂದೇ ವಾರದಲ್ಲಿ ಆಕಾಶ ಜಾರಿತು, ನೀರು ಕಲಕಿತು, ನೆಲ ಮೊದಲೇ ಸಿಕ್ಕಿರಲಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಇದೇ ಏಪ್ರಿಲ್ ತಿಂಗಳಿನ ಮೊದಲ ವಾರದಲ್ಲಿ ಅವರು ಲಾಯಲ್ಟಿ ಹಡಗನ್ನು ಹತ್ತಿ ಹೊರಟಿದ್ದರು.

ಆ ದಿನಗಳಲ್ಲಿ ಅವರ ಮನಸ್ಸಿನೊಳಗೆ ಏನು ನಡೆಯಿತೆಂಬುದನ್ನು ಊಹಿಸಬಲ್ಲೆವು, ಅಷ್ಟೆ. ಹೆತ್ತ ಕೂಸನ್ನು ಹದಿನೈದು ತಿಂಗಳಿಗೆ ಬೇರೆಯವರ ತೊಡೆಯ ಮೇಲೆ ಇಟ್ಟ ತಾಯಿಯ ಸಂಕಟದಂಥದು ಅದಿರಬೇಕು. ಹಣ ಹಿಂದೆ ಬಂದಿತು, ನಿಜ. ಆದರೆ ಕಟ್ಟುಗಾರನಿಗೆ ಹಣವು ಕೆಲಸದ ಬದಲಾಗುವುದಿಲ್ಲ. ಸರಕಾರದ ಪಕ್ಷದಲ್ಲಿಯೂ ನ್ಯಾಯವಿರಲಿಲ್ಲವೆನ್ನಲಾಗದು. ಶತ್ರುವು ಬಂಗಾಳ ಕೊಲ್ಲಿಯಲ್ಲಿ ಸಂಚರಿಸುತ್ತಿರುವಾಗ ಯುದ್ಧವಿಮಾನದ ಕಾರ್ಖಾನೆಯನ್ನು ಖಾಸಗಿ ಲಾಭ-ನಷ್ಟದ ಲೆಕ್ಕಕ್ಕೆ ಬಿಡಲು ಯಾವ ಸರಕಾರವೂ ಹಿಂಜರಿಯುವುದು ಸಹಜ. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಾಗ ನೋವು ಹೆಚ್ಚು.

ಇಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ವಾಲಚಂದರು ಮುನಿದು ಮೂಲೆ ಸೇರಲಿಲ್ಲ. ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಹುಟ್ಟುಹಾಕಿದರು. ಮುಂಬಯಿಯ ಕುರ್ಲಾದ ಕಾರ್ಖಾನೆಯಿಂದ ೧೯೪೭ರಲ್ಲಿ, ಸ್ವಾತಂತ್ರ್ಯದ ವರ್ಷದಲ್ಲಿಯೇ, ಗಾಡಿಗಳು ಹೊರಬಿದ್ದವು. ವಿಶಾಖಪಟ್ಟಣದ ಕೆಲಸವನ್ನು ಮತ್ತೆ ಹಿಡಿದರು. ೧೯೪೮ರ ಮಾರ್ಚ್ ೧೪ರಂದು ಪ್ರಧಾನಮಂತ್ರಿ ನೆಹರೂರವರು ಜಲ ಉಷಾ ಎಂಬ ೮,೦೦೦ ಟನ್ನಿನ ಹಡಗನ್ನು ಅಲ್ಲಿಂದ ನೀರಿಗಿಳಿಸಿದರು. ಸ್ವತಂತ್ರ ಭಾರತದಲ್ಲಿ ಕಟ್ಟಿ ತೇಲಿಸಿದ ಮೊದಲ ದೊಡ್ಡ ಉಗಿಹಡಗು ಅದು.

ವಾಲಚಂದರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಒಂದು ಕೆಲಸ ನೆಲೆಗೊಳ್ಳುವ ಮೊದಲೇ ಇನ್ನೊಂದಕ್ಕೆ ಸಾಲ ಮಾಡುವ ಆತುರ ಅವರಲ್ಲಿತ್ತು. ಅವರ ಎಲ್ಲ ಯೋಜನೆಗಳೂ ಫಲಿಸಲಿಲ್ಲ. ಆದರೆ ಆತುರವಿಲ್ಲದವರು ಆ ಕಾಲದಲ್ಲಿ ಯಾವುದನ್ನೂ ಆರಂಭಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಅವರಿಲ್ಲದ ಕಾರ್ಖಾನೆ

ವಾಲಚಂದರು ಹೊರಬಂದ ಮೇಲೆ ಬೆಂಗಳೂರಿನ ಕಾರ್ಖಾನೆಯು ನಿಲ್ಲಲಿಲ್ಲ. ೧೯೪೨ರ ಜುಲೈಯಲ್ಲಿ ಅಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವು ಹಾರಿತು. ೧೯೪೩ರಲ್ಲಿ ಕಾರ್ಖಾನೆಯನ್ನು ಅಮೆರಿಕದ ವಾಯುಸೇನೆಗೆ ಒಪ್ಪಿಸಲಾಯಿತು. ಯುದ್ಧರಂಗದಿಂದ ಗಾಯಗೊಂಡು ಬಂದ ನೂರಾರು ವಿಮಾನಗಳನ್ನೂ ಎಂಜಿನುಗಳನ್ನೂ ಬಿಚ್ಚಿ, ಒರೆಸಿ, ಸರಿಪಡಿಸಿ ಮತ್ತೆ ಹಾರಿಸುವ ದೊಡ್ಡ ಶಾಲೆಯಾಗಿ ಅದು ಬೆಳೆಯಿತು. ಯುದ್ಧ ಮುಗಿದು ಕೆಲಸ ಕಡಿಮೆಯಾದಾಗ ಅದೇ ಕೈಗಳು ರೈಲುಡಬ್ಬಿಗಳನ್ನೂ ಬಸ್ಸುಗಳ ಮೈಯನ್ನೂ ಕಟ್ಟಿದವು. ಕಲಿತ ವಿದ್ಯೆ ಹಸಿದು ಸಾಯಲಿಲ್ಲ.

೧೯೫೧ರ ಆಗಸ್ಟಿ‌ನಲ್ಲಿ ಘಾಟಗೆಯವರ ತಂಡವು ರಚಿಸಿದ ಎಚ್‌.ಟಿ.-೨ ಎಂಬ ತರಬೇತಿ ವಿಮಾನವು ಬೆಂಗಳೂರಿನ ಬಾನಿನಲ್ಲಿ ಹಾರಿತು. ನಕ್ಷೆಯೂ ನಮ್ಮದೇ, ನಿರ್ಮಾಣವೂ ನಮ್ಮದೇ. ಮೊದಲ ಹಾರ್ಲೋ ಹಾರಿ ಸರಿಯಾಗಿ ಹತ್ತು ವರ್ಷಗಳಾಗಿದ್ದವು. ಮಗು ತಾನೇ ಬರೆಯತೊಡಗಿತ್ತು. ವಾಲಚಂದರು ಆಗ ಜೀವಂತರಾಗಿದ್ದರು. ಆದರೆ ೧೯೪೯ರಲ್ಲಿ ಪಾರ್ಶ್ವವಾಯು ಬಡಿದು, ಮರುವರ್ಷವೇ ಎಲ್ಲ ಉದ್ಯಮಗಳಿಂದ ನಿವೃತ್ತರಾಗಿದ್ದರು. ೧೯೫೩ನೆಯ ಇಸವಿ ಏಪ್ರಿಲ್ ೮ರಂದು ಗುಜರಾತಿನ ಸಿದ್ಧಪುರದಲ್ಲಿ ಅವರ ದೇಹಾವಸಾನವಾಯಿತು. ಅವರ ಬಾಳಿನ ದೊಡ್ಡ ದಿನಗಳನ್ನು ತಂದ ಏಪ್ರಿಲ್ ತಿಂಗಳೇ ಅವರನ್ನು ಕರೆದೊಯ್ದಿತು.

ಆಮೇಲಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. ೧೯೬೧ರ ಜೂನ್ ೧೭ರಂದು ಮಾರುತವೆಂಬ ಜೆಟ್ ಯುದ್ಧವಿಮಾನವು ಬೆಂಗಳೂರಿನಿಂದ ಮೇಲೆದ್ದಿತು. ಅದನ್ನು ರಚಿಸಿದವರು ಜರ್ಮನಿಯಿಂದ ಬಂದ ಕುರ್ಟ್ ಟಾಂಕ್ ಮತ್ತು ಅವರೊಡನೆ ದುಡಿದ ನಮ್ಮವರು. ೧೯೭೧ರ ಯುದ್ಧದಲ್ಲಿ ಅದು ಪಶ್ಚಿಮ ರಂಗದಲ್ಲಿ ಸೇವೆ ಸಲ್ಲಿಸಿತು. ೧೯೬೪ರ ಅಕ್ಟೋಬರ್ ೧ರಂದು ಕಂಪನಿಯು ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೆಸರನ್ನು ತಾಳಿತು. ಎಚ್‌.ಎ.ಎಲ್. ಎಂದು ನಾವೆಲ್ಲ ಕರೆಯುವುದು ಅದನ್ನೇ. ತೇಜಸ್ ಎಂಬ ಲಘು ಯುದ್ಧವಿಮಾನವು ೨೦೦೧ರ ಜನವರಿ ೪ರಂದು ಮೊದಲ ಬಾರಿಗೆ ಹಾರಿದ್ದೂ ಬೆಂಗಳೂರಿನಿಂದಲೇ. ಉಪಗ್ರಹಗಳನ್ನು ಒಯ್ಯುವ ರಾಕೆಟ್ಟುಗಳ ಭಾಗಗಳನ್ನು ಕೂಡ ಈ ಸಂಸ್ಥೆ ತಯಾರಿಸುತ್ತದೆ.

ಈಗ ವಾಲಚಂದನಗರದ ಮಾತಿಗೆ ಬರೋಣ. ಕಬ್ಬನ್ನು ಅರೆಯುವ ಕಾರ್ಖಾನೆಯ ಮಗ್ಗುಲಲ್ಲಿ ಸಕ್ಕರೆಯ ಯಂತ್ರಗಳನ್ನು ತಯಾರಿಸುವ ಕೆಲಸ ಬೆಳೆಯಿತು. ಆ ಕುಶಲತೆಯೇ ಬೆಳೆದು, ಭಾರತದ ಪಿ.ಎಸ್‌.ಎಲ್‌.ವಿ. ರಾಕೆಟ್ಟಿನ ಮೊದಲ ಹಂತದ ಉಕ್ಕಿನ ಕವಚಗಳನ್ನು ತಯಾರಿಸುವ ಮಟ್ಟಕ್ಕೆ ಏರಿತು. ಘನ ಇಂಧನವು ಉರಿಯುವಾಗಿನ ಭಯಂಕರ ಒತ್ತಡವನ್ನು ತಾಳುವ ಆ ಕವಚವು ಒಂದು ಬೆಸುಗೆಯ ದೋಷವನ್ನೂ ಸಹಿಸದು. ೨೦೦೮ರಲ್ಲಿ ಚಂದ್ರಯಾನವು ಹೊರಟದ್ದು ಪಿ.ಎಸ್‌.ಎಲ್‌.ವಿ. ರಾಕೆಟ್ಟಿನ ಮೇಲೆಯೇ. ಸರಕಾರವು ೧೯೪೨ರಲ್ಲಿ ವಾಲಚಂದರನ್ನು ಆಕಾಶದಿಂದ ಕೆಳಗಿಳಿಸಿತ್ತು. ಅವರ ಹೆಸರನ್ನು ಹೊತ್ತ ಊರು, ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಕಬ್ಬಿನ ಗದ್ದೆಯ ನಡುವಿನಿಂದ ಮತ್ತೆ ಆಕಾಶಕ್ಕೆ ಹಾದಿ ಮಾಡಿಕೊಂಡಿತು.

ನಮಗೇನು?

ವಾಚಕರು ಕೇಳಬಹುದು: ಗುಜರಾತಿ ಮನೆಮಾತಿನ ಈ ಶ್ರೀಮಂತರ ಕಥೆ ಕನ್ನಡ ಸಂಘದ ಸಂಚಿಕೆಯಲ್ಲಿ ಏತಕ್ಕೆ? ಕಾರಣ ಸರಳವಾಗಿದೆ. ಗಡಿಯಲ್ಲಿ ಬಾಳುವ ನಾವು ಯಾವುದು ನಮ್ಮದು, ಯಾವುದು ಅವರದು ಎಂಬ ಎಣಿಕೆಯಲ್ಲಿಯೇ ಅನೇಕ ವೇಳೆ ದಣಿಯುತ್ತೇವೆ. ಸೊಲ್ಲಾಪುರವು ೧೯೪೦ರಲ್ಲಿ ಮುಂಬಯಿ ಪ್ರಾಂತದ್ದು, ಬೆಂಗಳೂರು ಮೈಸೂರು ಸಂಸ್ಥಾನದ್ದು. ಆ ಊರಿನ ಒಬ್ಬ ಸಾಹಸಿ ಈ ಊರಿನಲ್ಲಿ ಬೀಜವನ್ನು ಬಿತ್ತಿದರು; ಕನ್ನಡ ನೆಲ ಅದಕ್ಕೆ ನೀರೆರೆಯಿತು; ಫಲವನ್ನು ಇಡೀ ದೇಶ ಉಂಡಿತು. ಬಿತ್ತಿದವರ ಕಣಜಕ್ಕೆ ಬೆಳೆ ಬರಲಿಲ್ಲ. ಬರಲಿಲ್ಲವೆಂದು ಬಿತ್ತಿದ್ದು ವ್ಯರ್ಥವಾಗಲೂ ಇಲ್ಲ.

ನಾವೂ ಇಲ್ಲಿ ಕನ್ನಡ ಶಾಲೆಗಳನ್ನು ನಡೆಸುತ್ತೇವೆ, ವಾಚನಾಲಯಗಳನ್ನು ಕಟ್ಟುತ್ತೇವೆ, ಸಂಘಗಳನ್ನು ಉಳಿಸಿಕೊಂಡು ಬರುತ್ತೇವೆ. ಇವುಗಳ ಆಡಳಿತ ನಾಳೆ ಯಾರ ಕೈಗೆ ಹೋಗುವುದೋ, ಇಲ್ಲಿ ಕಲಿತ ಮಕ್ಕಳು ಯಾವ ಊರಿಗೆ ಹೋಗಿ ನೆಲೆಸುವರೋ ತಿಳಿಯದು. ಅದನ್ನು ನೆನೆದು ಎದೆಗುಂದುವ ಕಾರಣವಿಲ್ಲ. ಹಾಕಿದ ಅಡಿಗಲ್ಲು ಗಟ್ಟಿಯಾಗಿದ್ದರೆ ಅದರ ಮೇಲೆ ಯಾರಾದರೊಬ್ಬರು ಕಟ್ಟಿಯೇ ಕಟ್ಟುತ್ತಾರೆ.

ಭಾರತ ಸರಕಾರವು ೨೦೦೪ರಲ್ಲಿ ವಾಲಚಂದರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಅಂಚೆಚೀಟಿ ಹಳೆಯದಾಗಬಹುದು. ಆದರೆ ಬೆಂಗಳೂರಿನ ಆಕಾಶದಲ್ಲಿ ವಿಮಾನವೊಂದು ಗುಡುಗಿ ಹೋದಾಗ, ಸೊಲ್ಲಾಪುರ ಸೀಮೆಯ ಕನ್ನಡದ ಮಗುವೊಂದು ತನ್ನ ಪಕ್ಕದವರಿಗೆ ಇದನ್ನು ಮೊದಲು ಆರಂಭಿಸಿದವರು ನಮ್ಮ ಊರಿನವರು ಎಂದು ಹೇಳುವಂತಾದರೆ, ಆ ಮಹನೀಯರಿಗೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇರೆ ಬೇಕಾಗಿಲ್ಲ.